ಎಪಿ ವ್ರತದ ವಿಧಿವಿಧಾನ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ, ಫ್ರೀಮಾಂಟ್ ಕಡೆಯ ಕನ್ನಡದ ಮನೆಗಳಲ್ಲಿ ಸತ್ಯನಾರಾಯಣ ಪೂಜೆಗಿಂತ ಹೆಚ್ಚು ಮಡಿಯಿಂದ ನಡೆಯುವ ವ್ರತವೊಂದಿದೆ. ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್: ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ, ಕೊನೆಗೆ ಐದು ಅಂಕದ ಪರೀಕ್ಷೆ. ಶಾಲೆಯಲ್ಲಿ ಸೀಟು ಸಿಗದ ಎಪಿ ಕೆಮಿಸ್ಟ್ರಿಯನ್ನೋ ಫಿಸಿಕ್ಸ್ ಸಿಯನ್ನೋ ಮಗು ಮನೆಯಲ್ಲೇ ಓದಿ, ಮೇ ತಿಂಗಳಲ್ಲಿ ಪರೀಕ್ಷೆ ಬರೆದು, ಐದಕ್ಕೆ ಐದು ತಂದು, ದೊಡ್ಡ ಕಾಲೇಜಿನ ಕೃಪೆಗೆ ಪಾತ್ರವಾಗಬೇಕು. ಹೊಸದಾಗಿ ಹಿಡಿಯುವವರ ಅನುಕೂಲಕ್ಕೆ ಕ್ರಮ ಇಲ್ಲಿದೆ.

ಆಗಸ್ಟಿನಲ್ಲಿ ಸಂಕಲ್ಪ. ದಪ್ಪ ಪಠ್ಯಪುಸ್ತಕ ಒಂದು, ತೆಳು ಗೈಡು ಒಂದು. ದಪ್ಪದ್ದು ಮೇಜಿನ ಮೇಲೆ ಕಾಣಲಿಕ್ಕೆ, ತೆಳುವಿನದ್ದು ಏಪ್ರಿಲ್‌ನಲ್ಲಿ ತೆರೆಯಲಿಕ್ಕೆ.

ಮುಂದಿನದು ಆಸರೆ ಹುಡುಕುವುದು. ಪರೀಕ್ಷೆಗೆ ಮಗು ತಾನೇ ಹೆಸರು ಹಚ್ಚುವಂತಿಲ್ಲ. ಯಾವುದಾದರೂ ಶಾಲೆ ಬರೆಸಲು ಒಪ್ಪಬೇಕು. ಸೆಪ್ಟೆಂಬರಿನಿಂದಲೇ ಶಾಲೆಗಳ ಎಪಿ ಕೋಆರ್ಡಿನೇಟರ್‌ಗಳಿಗೆ ಮೇಲ್ ಮೇಲೆ ಮೇಲ್. ಹೆಸರು ಹಚ್ಚಲು ಶಾಲೆ ಕೊಡುವ ಜಾಯಿನ್ ಕೋಡ್ ಕೈಗೆ ಬಂದರೆ ಕಳಶ ಸ್ಥಾಪನೆಯಾದಂತೆ. ದಕ್ಷಿಣೆ ಸುಮಾರು ನೂರು ಡಾಲರ್. ನವೆಂಬರ್ ನಡುವಿನ ಮುಹೂರ್ತ ಮೀರಿದರೆ ಇನ್ನೂ 40 ಡಾಲರ್ ತಪ್ಪು ಕಾಣಿಕೆ.

ಈಗ ಓದು. ಕೆಮಿಸ್ಟ್ರಿಯಲ್ಲಿ 90 ನಿಮಿಷಕ್ಕೆ 60 ಬಹುಆಯ್ಕೆ ಪ್ರಶ್ನೆ, 105 ನಿಮಿಷಕ್ಕೆ 7 ಬರೆಯುವ ಪ್ರಶ್ನೆ. ಮೊದಲನೆಯದನ್ನು ವಿಡಿಯೊ ನೋಡಿ ದಾಟಬಹುದು. ಎರಡನೆಯದರಲ್ಲಿ ಪ್ರಯೋಗಶಾಲೆ ಇಣುಕುತ್ತದೆ. ಟೈಟ್ರೇಷನ್ ಅಂದರೆ ಬ್ಯೂರೆಟ್ ಎಂಬ ಗೆರೆ ಹಾಕಿದ ಕೊಳವೆಯಿಂದ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಟ್ಟು ಆಮ್ಲ ಎಷ್ಟಿದೆಯೆಂದು ಅಳೆಯುವುದು. ಬ್ಯೂರೆಟ್ಟಿನ ತುದಿಯಲ್ಲಿದ್ದ ಗಾಳಿಗುಳ್ಳೆ ಟೈಟ್ರೇಷನ್ ನಡುವೆ ಹೊರಬಿದ್ದರೆ ಆಮ್ಲದ ಸಾರತೆ ಲೆಕ್ಕದಲ್ಲಿ ಹೆಚ್ಚು ಬರುತ್ತದೋ ಕಡಿಮೆಯೋ? ಹೆಚ್ಚು. ಗುಳ್ಳೆ ಖಾಲಿ ಮಾಡಿದ ಜಾಗವೂ ಪ್ರತ್ಯಾಮ್ಲವೆಂದೇ ಲೆಕ್ಕಕ್ಕೆ ಬಿದ್ದಿರುತ್ತದೆ. ‘ಹೆಚ್ಚು’ ಎಂದಷ್ಟೇ ಬರೆದರೆ ಸೊನ್ನೆ, ಕಾರಣ ಬರೆದರೆ ಅಂಕ. ಬ್ಯೂರೆಟ್ಟಿನಲ್ಲಿ ಓದಿದ ಅಳತೆಯನ್ನು 22.4 ಎಂದಲ್ಲ, 22.40 ಮಿಲಿಲೀಟರ್ ಎಂದು ಬರೆಯಬೇಕು. ಗೆರೆಗಳ ನಡುವೆ ಕಣ್ಣಂದಾಜಿನಲ್ಲಿ ಒಂದು ಸ್ಥಾನ ಹೆಚ್ಚು ಓದುವುದು ಬ್ಯೂರೆಟ್ ಹಿಡಿದವರಿಗೆ ಗೊತ್ತು. ವ್ರತಧಾರಿ ಬ್ಯೂರೆಟ್ಟನ್ನು ನೋಡಿರುವುದು 1.5 ಪಟ್ಟು ವೇಗದಲ್ಲಿ. (ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿ ತಟ್ಟೆಯಲ್ಲಿ ಕೆಂಪು ಓಕುಳಿ ಕದಡುವ ಅಜ್ಜಿ ಮನೆಯಲ್ಲೇ, ಬಣ್ಣ ಬದಲಿಸಿ ಪ್ರತ್ಯಾಮ್ಲವನ್ನು ತೋರಿಸುವ ಸೂಚಕದ ಪ್ರಯೋಗ ಮಾಡಿ ತೋರಿಸುತ್ತಿದ್ದಾರೆ. ಅದು ಸಿಲಬಸ್ಸಿನಲ್ಲಿಲ್ಲವಾದ್ದರಿಂದ ಯಾರೂ ನೋಡುವುದಿಲ್ಲ.)

ಫಲಶ್ರುತಿಗೆ ಬರೋಣ. ಹನ್ನೆರಡನೆಯ ತರಗತಿಯಲ್ಲಿ ವ್ರತ ಹಿಡಿದವರ ಅರ್ಜಿ ಜನವರಿ ಹೊತ್ತಿಗೆ ಹೋಗಿರುತ್ತದೆ, ಉತ್ತರ ಮಾರ್ಚ್ ಕೊನೆಗೆ ಬಂದಿರುತ್ತದೆ, ಮೇ 1ಕ್ಕೆ ಕಾಲೇಜು ಗೊತ್ತಾಗಿರುತ್ತದೆ. ಪರೀಕ್ಷೆ ಅದಾದ ಮೇಲೆ. ಅಂಕ ಜುಲೈಯಲ್ಲಿ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಜಾತಕ ಬಂತು ಅನ್ನಿ. ಹನ್ನೊಂದರಲ್ಲೇ ಮುಗಿಸಿದ ಜಾಣರು ಅರ್ಜಿಯಲ್ಲಿ ಆ ಐದನ್ನು ತಾವೇ ತುಂಬಬಹುದು, ನಿಜ. ಆದರೆ ಶಾಲೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೋರ್ಸಿನ ಸಾಲೇ ಇರುವುದಿಲ್ಲ, ಜಿಪಿಎ, ಅಂದರೆ ಶಾಲೆಯ ಅಂಕಗಳ ಸರಾಸರಿ, ಒಂದು ಕೂದಲೆಳೆಯೂ ಏರುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಜಿಪಿಎಗೆ ತೂಕ ಸೇರಿಸುವುದು ತರಗತಿಯಲ್ಲಿ ಕೂತು ಕಲಿತ ಎಪಿ ಕೋರ್ಸಿಗೆ, ಬರಿಯ ಪರೀಕ್ಷೆಗಲ್ಲ. ಕ್ಯಾಲ್‌ಟೆಕ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯವಂತೂ ಎಪಿ ಅಂಕಕ್ಕೆ ಕ್ರೆಡಿಟ್ಟನ್ನೇ ಕೊಡುವುದಿಲ್ಲ; ಅಲ್ಲಿ ಆ ಐದನ್ನು ತೋರಿಸಿ ಯಾವ ಕೋರ್ಸನ್ನೂ ದಾಟುವಂತಿಲ್ಲ.

ಕುತೂಹಲಕ್ಕೆ ಕೆಮಿಸ್ಟ್ರಿ ಓದುವ ಮಕ್ಕಳೂ ಇದ್ದಾರೆ. ಅವರಿಗೆ ಈ ವಿಧಿ ಬೇಕಿಲ್ಲ, ಅವರು ಆಗಲೇ ಓದುತ್ತಾ ಕೂತಿದ್ದಾರೆ.

ಕೊನೆಯದು ಪ್ರಾಯಶ್ಚಿತ್ತ. ವ್ರತಭಂಗವಾಗಿ ಎರಡೋ ಒಂದೋ ಬಂದರೆ ಅದು ಕಾಲೇಜಿನ ಕಣ್ಣಿಗೆ ಬೀಳದಂತೆ ತಡೆಹಿಡಿಸಬಹುದು: ಒಂದು ಕಾಲೇಜಿಗೆ, ಒಂದು ಅಂಕಕ್ಕೆ, 10 ಡಾಲರ್. ಆ ವರ್ಷ ಉಚಿತವಾಗಿ ಕಾಲೇಜಿಗೆ ಹೋಗುವ ಅಂಕಪಟ್ಟಿಯಲ್ಲಿ ಅದು ಸೇರಬಾರದೆಂದರೆ ಕೋರಿಕೆ ಜೂನ್ 15ರೊಳಗೆ ತಲುಪಬೇಕು. ಎಷ್ಟು ಬಂತೆಂದು ಗೊತ್ತಾಗುವುದು ಜುಲೈಯಲ್ಲಿ.