ಕೊನೆ ಹೊಲಕ್ಕೆ ನೀರು ಬರದಿದ್ದರೆ ಅದು ಅವರ ಪಾಪವಾ?

ಮೊನ್ನೆ ಭಾನುವಾರ ಚರ್ಚಿನ ಆರಾಧನೆಯಲ್ಲಿ ಕೇಳಿದ ಒಂದು ಪ್ರಸಂಗ, ಅಂದರೆ ಪ್ರವಚನ, ಇನ್ನೂ ತಲೆಯಿಂದ ಇಳಿದಿಲ್ಲ. ಸಿಟ್ಟು ಕಮ್ಮಿಯಾಗಲಿ, ಆಮೇಲೆ ಬರೆಯೋಣ ಅಂತ ಕಾದೆ. ಕಮ್ಮಿಯಾಗುವ ಹಾಗೆ ಕಾಣುತ್ತಿಲ್ಲ.

ಮಾನ್ವಿ ತಾಲ್ಲೂಕಿನ ಒಂದು ಊರು. ಊರಿನ ಹೆಸರು ಬೇಡ, ಸಭೆಯ (ಚರ್ಚಿನ) ಹೆಸರೂ ಬೇಡ. ಆ ಕಡೆ ನಮ್ಮ ಬಳಗ ಇರುವುದು ನಿಮಗೆಲ್ಲ ಗೊತ್ತೇ ಇದೆ. ಆರಾಧನೆ ಚೆನ್ನಾಗಿ ನಡೆಯಿತು. ಹೆಣ್ಣುಮಕ್ಕಳು ಎದೆ ತುಂಬಿ ಹಾಡಿದರು. ಹೊರಗಿನಿಂದ ಬಂದಿದ್ದ ಪ್ರಸಂಗಿಯವರು ಎದ್ದು ನಿಂತು, "ಇವತ್ತು ನಿಮ್ಮ ದಿನದ ಬದುಕಿನಿಂದಲೇ ಒಂದು ಪಾಠ ಹೇಳುತ್ತೇನೆ" ಅಂದರು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ರಾಯಚೂರಿನ ಬಿಸಿಲಲ್ಲಿ ಕೂತವರಿಗೆ ಹಿಮದ ಬೆಟ್ಟದ ಕತೆ, ಸಮುದ್ರವನ್ನೇ ನೋಡದವರಿಗೆ ದೀಪಸ್ತಂಭದ ಕತೆ ಕೇಳಿ ಕೇಳಿ ಸಾಕಾಗಿತ್ತು. ಇವರು ಕಾಲುವೆಯ ಮಾತು ಎತ್ತಿದರು. ನಾನು ಮುಂದೆ ಸರಿದು ಕೂತೆ.

ಅವರು ಹೇಳಿದ್ದು ಇಷ್ಟು. ತುಂಗಭದ್ರೆಯ ನೀರು ದೇವರ ಕೃಪೆ. ಡ್ಯಾಮು ಪರಲೋಕದ ಭಂಡಾರ. ಕಾಲುವೆ ಅಂದರೆ ಸಭೆ. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ತೂಬು ನಿಮ್ಮ ಹೃದಯ. "ಮೇಲೆ ನೀರು ತುಂಬಿ ಹರಿಯುತ್ತಿದೆ. ನಿಮ್ಮ ಹೊಲಕ್ಕೆ ಯಾಕೆ ಬರುತ್ತಿಲ್ಲ? ನಿಮ್ಮ ತೂಬಿನಲ್ಲಿ ಹೂಳು ತುಂಬಿದೆ. ಪಾಪದ ಹೂಳು. ಅಪನಂಬಿಕೆಯ ಹೂಳು. ಅದನ್ನು ತೆಗೆಯಿರಿ, ನೀರು ತಾನಾಗಿ ಬರುತ್ತದೆ."

ಜನ ಆಮೆನ್ ಅಂದರು.

ಆ ಆಮೆನ್ ನನಗೆ ತಡೆಯಲಾಗಲಿಲ್ಲ. ಆಮೆನ್ ಅಂದವರು ಯಾರು? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು. ಡ್ಯಾಮಿನ ಹತ್ತಿರ ಮುನಿರಾಬಾದಿನಲ್ಲಿ ಹೊರಟ ಕಾಲುವೆ 227 ಕಿಲೋಮೀಟರ್ ಹರಿಯಬೇಕು. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರಿನ ಕಡೆಗೆ ಬರಬೇಕು. ಬರುವಷ್ಟರಲ್ಲಿ ಏನಾಗುತ್ತದೆ ಅಂತ ಇಲ್ಲಿ ಹತ್ತು ವರ್ಷದ ಹುಡುಗನಿಗೂ ಗೊತ್ತು. ಯೋಜನೆ ಮಾಡಿದಾಗ ಈ ಜಮೀನಿನಲ್ಲಿ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಂತ ಗೊತ್ತುಮಾಡಿದ್ದರು. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಮೇಲಿನ ಭಾಗದಲ್ಲಿ ಭತ್ತ ಹಬ್ಬಿತು. ಕಾಲುವೆಗೇ ಪಂಪ್‌ಸೆಟ್ ಇಟ್ಟು ನೀರೆತ್ತುವವರೂ ಹುಟ್ಟಿಕೊಂಡರು. ಕೊನೆಯವರು ಗೇಜ್ (ಕಾಲುವೆಯ ನೀರಿನ ಮಟ್ಟ) ಕಾಪಾಡಿ ಅಂತ ಧರಣಿ ಕೂರುತ್ತಾರೆ, ರಸ್ತೆ ತಡೆಯುತ್ತಾರೆ, ವಾರಾಬಂದಿ ಪಟ್ಟಿ (ಯಾರಿಗೆ ಯಾವಾಗ ನೀರು ಅನ್ನುವ ಸರದಿ) ಹಿಡಿದು ರಾತ್ರಿ ಕಾಲುವೆ ಕಾಯುತ್ತಾರೆ. ಆದರೂ ಬೆಳೆ ಒಣಗುತ್ತದೆ. ಆಮೇಲೆ ಮಗ ಬೆಂಗಳೂರಿಗೆ ಗುಳೆ ಹೋಗುತ್ತಾನೆ.

ಇಂಥವರ ಮುಂದೆ ನಿಂತು ಹೂಳು ನಿಮ್ಮ ಹೃದಯದಲ್ಲಿದೆ ಅನ್ನುವುದಕ್ಕೆ ಮನಸ್ಸಾದರೂ ಹೇಗೆ ಬಂತು?

ಹೂಳಿನ ಮಾತೇ ಆಡುವುದಾದರೆ ಪೂರ್ತಿ ಆಡೋಣ. ಡ್ಯಾಮಿನಲ್ಲೇ ಹೂಳಿದೆ. ಮೊದಲು ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಹೆಚ್ಚುಕಮ್ಮಿ 105 ಟಿಎಂಸಿ. ಆ ಹೂಳು ಯಾವ ಮುದುಕಿಯ ಪಾಪದಿಂದ ಬಂತು? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಆಗ ಈ ನೀರು ನಂಬಿದ ಜಿಲ್ಲೆಗಳೆಲ್ಲ ನಿದ್ದೆಗೆಟ್ಟಿದ್ದವು. ಯಾವ ರೈತನ ಅಪನಂಬಿಕೆಯಿಂದ ಸರಪಳಿ ಹರಿಯಿತು ಅಂತ ಯಾರೂ ಕೇಳಲಿಲ್ಲ. ಗೇಟ್ ಎಷ್ಟು ಹಳೆಯದು, ನೋಡಿಕೊಳ್ಳಬೇಕಾದವರು ಯಾರು ಅಂತ ಕೇಳಿದರು. ಡ್ಯಾಮಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನ ನಡುವೆಯೇ ಕೆಲಸಗಾರರು ಜೀವ ಕೈಯಲ್ಲಿ ಹಿಡಿದು ನೀರು ತಡೆಯುವ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟ್ ಇಳಿಸಿದರು. ಡ್ಯಾಮಿನ ವಿಷಯದಲ್ಲಿ ಇಷ್ಟು ನೆಟ್ಟಗೆ ಯೋಚಿಸುವ ನಾವು ಪ್ರಸಂಗ ಪೀಠ ಹತ್ತಿದ ಕೂಡಲೇ ಅದೇ ನೀರಿನ ವಿಷಯದಲ್ಲಿ ಬಡವನ ಕಡೆಗೇ ಬೆರಳು ತೋರಿಸುತ್ತೇವೆ. ಯಾಕೆ?

ಇಲ್ಲಿ ನನ್ನ ಮನೆಯ ಮಾತು ಹೇಳಲೇಬೇಕು. ಈ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತಾಗಲಿ.

ನಾನು ಪಿಯುಸಿ ಓದುತ್ತಿದ್ದೆ. ಅಪ್ಪನ ಹೊಲ ಉಪಕಾಲುವೆಯ ಕೊನೆಯಲ್ಲಿತ್ತು. ಆ ವರ್ಷ ತೆನೆ ಕಟ್ಟುವ ಹೊತ್ತಿಗೆ ನೀರು ನಿಂತುಹೋಯಿತು. ಅವ್ವ ಯಾರಿಗೂ ಹೇಳದೆ ಉಪವಾಸ ಶುರು ಮಾಡಿದಳು. ತಂಗಿಯ ಆಸ್ಪತ್ರೆ ಖರ್ಚಿಗೆ ದುಡ್ಡು ಕೊಟ್ಟು ಒಂದಷ್ಟು ತಿಂಗಳು ದಶಮಭಾಗ (ದೇವರಿಗೆ ಕೊಡುವ ಆದಾಯದ ಹತ್ತನೇ ಒಂದು ಪಾಲು) ಹಾಕಿರಲಿಲ್ಲ. ಅದಕ್ಕೇ ದೇವರು ನೀರು ನಿಲ್ಲಿಸಿದ ಅಂತ ಅವಳ ಮನಸ್ಸಿನಲ್ಲಿ ಕೂತಿತ್ತು. ದಶಮಭಾಗ ತಂದರೆ ಆಶೀರ್ವಾದ ಸುರಿಸುತ್ತೇನೆ ಅನ್ನುವ, ಬೈಬಲಿನ ಮಲಾಕಿಯನ ಪುಸ್ತಕದ ಮೂರನೇ ಅಧ್ಯಾಯವನ್ನು ಅವಳಿಗೆ ಯಾರೋ ಹಾಗೆ ಕಲಿಸಿದ್ದರು. ಆಡು ಮಾರಿದಳು. ಬಾಕಿ ಕಾಣಿಕೆ ಹಾಕಿದಳು. ನೀರು ಬರಲಿಲ್ಲ. ಮೇಲೆ ಯಾರು ಎಲ್ಲಿ ಪಂಪ್ ಇಟ್ಟಿದ್ದಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಆದರೂ ಅವ್ವ ಮಾತ್ರ ತನ್ನನ್ನೇ ಬೈದುಕೊಂಡಳು. ಕೊನೆಯವರೆಗೂ ಆ ವರ್ಷದ ಮಾತು ಬಂದರೆ ತಲೆ ತಗ್ಗಿಸುತ್ತಿದ್ದಳು.

ಮೊನ್ನೆ ಆಮೆನ್ ಅಂದ ಹೆಂಗಸರಲ್ಲಿ ನನಗೆ ಅವ್ವನೇ ಕಂಡಳು. ಅವರಲ್ಲಿ ಎಷ್ಟು ಜನ ಮನೆಗೆ ಹೋಗಿ ತಮ್ಮ ಪಾಪ ಯಾವುದು ಅಂತ ಹುಡುಕುತ್ತಿದ್ದಾರೋ.

ಪ್ರಸಂಗ ಮುಗಿದ ಮೇಲೆ ಚಹಾ ಕುಡಿಯುವಾಗ ಪ್ರಸಂಗಿಯವರ ಹತ್ತಿರ ಹೋಗಿ ಮಾತಾಡಿದೆ. ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡರು. "ಬ್ರದರ್, ನಾನು ಆತ್ಮಿಕ ಅರ್ಥದಲ್ಲಿ ಹೇಳಿದೆ. ನೀವು ಅದನ್ನು ರಾಜಕೀಯಕ್ಕೆ ಎಳೆಯುತ್ತಿದ್ದೀರಿ. ಯೇಸುಸ್ವಾಮಿಯೂ ಹೊಲ, ಬೀಜ, ಕುರಿ ಅಂತಲೇ ಪಾಠ ಹೇಳಿದರಲ್ವಾ?" ಅಂದರು. ಪಕ್ಕದಲ್ಲಿದ್ದ ಹಿರಿಯರೂ ಹೌದು ಅಂದರು. ಪಾಪದ ಬಗ್ಗೆ ಮಾತಾಡದೆ ಇನ್ನೇನು ಪ್ರಸಂಗ ಅಂತಲೂ ಕೇಳಿದರು.

ಪಾಪ ಇದೆ. ನನಗೂ ಇದೆ. ಪಾಪ ಬಿಟ್ಟು ದೇವರ ಕಡೆಗೆ ತಿರುಗಿಕೊಳ್ಳಬೇಕು ಅನ್ನುವುದನ್ನು ನಾನು ಬೇಡ ಅನ್ನುತ್ತಿಲ್ಲ. ಆದರೆ ಯೇಸು ಹೇಳಿದ ರೀತಿಯೇ ಬೇರೆ. ಅದನ್ನು ನೋಡೋಣ ಅಂತಲೇ ನಾನು ಅವರಿಗೆ ಹೇಳಿದ್ದು.

ಲೂಕನ 13ನೇ ಅಧ್ಯಾಯ ತೆಗೆಯಿರಿ. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರು ಯೆರೂಸಲೇಮಿನ ಬೇರೆಯವರಿಗಿಂತ ಜಾಸ್ತಿ ಅಪರಾಧಿಗಳಾ ಅಂತ ಯೇಸುವೇ ಕೇಳುತ್ತಾನೆ, ಇಲ್ಲ ಅಂತ ತಾನೇ ಉತ್ತರ ಕೊಡುತ್ತಾನೆ. ತಿರುಗಿಕೊಳ್ಳಿ ಅಂತ ಅಲ್ಲಿಯೂ ಹೇಳುತ್ತಾನೆ. ಹೇಳುವುದು ಯಾರಿಗೆ? ಮುಂದೆ ನಿಂತು ಕೇಳುತ್ತಿದ್ದವರಿಗೆ. ಬುರುಜಿನ ಕೆಳಗೆ ಸಿಕ್ಕವರ ಮೇಲೆ ಒಂದು ಮಾತೂ ಹೊರಿಸುವುದಿಲ್ಲ. ಯೋಹಾನನ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ನೋಡಿ ಶಿಷ್ಯರು, ಇವನು ಪಾಪ ಮಾಡಿದನೋ ಇವನ ಅಪ್ಪ ಅಮ್ಮ ಮಾಡಿದರೋ ಅಂತ ಕೇಳಿದರು. ಇವನೂ ಅಲ್ಲ, ಅವರೂ ಅಲ್ಲ ಅಂದ. ಹೀಗೆ ಕೇಳುವ ಬಾಯಿಯನ್ನೇ ಯೇಸು ಮುಚ್ಚಿಸಿದ್ದಾನೆ. ಅವನ ಹೆಸರಲ್ಲೇ ಆ ಪ್ರಶ್ನೆಯನ್ನು ಮತ್ತೆ ಎಬ್ಬಿಸಿ, ಮಾನ್ವಿಯ ಕೂಲಿ ಹೆಂಗಸಿನ ಮುಂದೆ ಇಡಬಾರದು.

ಕೂಲಿ ಅಂದಾಗ ಇನ್ನೊಂದು ನೆನಪಾಯಿತು. ನಮ್ಮ ಸಭೆಗಳಲ್ಲಿ ಸ್ವಂತ ಹೊಲ ಇಲ್ಲದವರೇ ಜಾಸ್ತಿ. ಮೊನ್ನೆ ಕೂತಿದ್ದವರಲ್ಲಿ ಎಷ್ಟೋ ಜನ ಸಿಂಧನೂರು, ಗಂಗಾವತಿ ಕಡೆ ಭತ್ತದ ನಾಟಿಗೆ ಗುಂಪು ಕಟ್ಟಿಕೊಂಡು ಹೋಗುವವರು. ಅವರಿಗೆ ತೂಬೇ ಇಲ್ಲ. ಹಾಗಾದರೆ ಆ ಪಾಠದಲ್ಲಿ ಅವರ ಜಾಗ ಎಲ್ಲಿ? ಯೇಸು ಇವರನ್ನು ಮರೆತಿರಲಿಲ್ಲ. ಮತ್ತಾಯನ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನ ಸಂಜೆ ಹೊತ್ತಿಗೆ ಪೇಟೆಗೆ ಹೋಗುತ್ತಾನೆ. ಇನ್ನೂ ಅಲ್ಲೇ ನಿಂತಿದ್ದವರನ್ನು ಯಾಕೆ ಸುಮ್ನೆ ನಿಂತಿದ್ದೀರಿ ಅಂತ ಕೇಳುತ್ತಾನೆ. ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ. ಯಜಮಾನ ಆ ಉತ್ತರವನ್ನು ಹಾಗೇ ನಂಬುತ್ತಾನೆ. ನಿಮ್ಮಲ್ಲಿ ಏನೋ ಕೊರತೆ ಇರಬೇಕು, ಅದಕ್ಕೇ ಯಾರೂ ಕರೆದಿಲ್ಲ ಅನ್ನುವುದಿಲ್ಲ. ನೀವೂ ಹೋಗಿ ಅನ್ನುತ್ತಾನೆ. ಕತ್ತಲಾದಾಗ ಬೆಳಿಗ್ಗೆಯಿಂದ ದುಡಿದವರಿಗೆ ಕೊಟ್ಟಷ್ಟೇ ಕೂಲಿ ಇವರಿಗೂ ಕೊಡುತ್ತಾನೆ. ರಾಯಚೂರಿನ ಸರ್ಕಲ್‌ಗಳಲ್ಲಿ ಮಧ್ಯಾಹ್ನದವರೆಗೆ ಬುತ್ತಿ ಹಿಡಿದು ನಿಂತು ಕೆಲಸ ಸಿಗದೆ ವಾಪಸ್ ಹೋಗುವವರನ್ನು ನೋಡಿದ್ದೀರಲ್ವಾ? ಅವರಿಗೆ ಈ ಸಾಮ್ಯವನ್ನು (ಪಾಠದ ಕತೆಯನ್ನು) ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯೇಸುವಿಗೆ ಕೂಲಿಯವನ ಸಂಜೆ ಹೇಗಿರುತ್ತದೆ ಅಂತ ಗೊತ್ತಿತ್ತು. ಆಮೇಲೆ ಪಾಠ ಹೇಳಿದ.

ನನ್ನ ತಕರಾರು ಇರುವುದು ಇಲ್ಲಿಯೇ. ದಿನದ ಬದುಕಿನಿಂದ ಪಾಠ ತೆಗೆಯುವುದಾದರೆ ಮೊದಲು ಆ ಬದುಕನ್ನು ಪೂರ್ತಿ ನೋಡಬೇಕು. ಕಾಲುವೆಯನ್ನು ಪಾಠ ಮಾಡುವವರು ಕಾಲುವೆಯ ಮೇಲೆ ಒಂದು ಸಲ ನಡೆಯಲಿ. ತೂಬನ್ನು ಹೃದಯ ಅನ್ನುವ ಮೊದಲು ತೂಬಿನ ಹತ್ತಿರ ರಾತ್ರಿ ಕೂತವನ ಜೊತೆ ಮಾತಾಡಲಿ. ಅರ್ಧ ಬದುಕು ನೋಡಿ ಪೂರ್ತಿ ಪಾಠ ಹೇಳಿದರೆ ಅದರ ಭಾರ ಬೀಳುವುದು ಯಾವಾಗಲೂ ಕೆಳಗಿದ್ದವರ ಮೇಲೆ.

ಇನ್ನು ರಾಜಕೀಯದ ಮಾತು. ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕ ಬಿತ್ತಿ ಒಂದೇ ವರ್ಷ ನೂರರಷ್ಟು ಬೆಳೆದ ಕತೆ ಇದೆ. ಅದು ನಮ್ಮ ಪ್ರಸಂಗಗಳಲ್ಲಿ ಬರುತ್ತಲೇ ಇರುತ್ತದೆ. ನೂರರಷ್ಟು ಆಶೀರ್ವಾದ ಅಂತ ಕೈ ಎತ್ತಿಸುತ್ತಾರೆ. ಅದು 12ನೇ ವಚನ. 15ನೇ ವಚನಕ್ಕೆ ಬನ್ನಿ. ಅವನ ಅಪ್ಪನ ಕಾಲದ ಬಾವಿಗಳನ್ನೆಲ್ಲ ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಮಣ್ಣು ಹಾಕಿದವರು ಯಾರು ಅಂತ ಸತ್ಯವೇದ (ಬೈಬಲ್) ಹೆಸರು ಹಿಡಿದು ಹೇಳುತ್ತದೆ. ಇಸಾಕನ ನಂಬಿಕೆ ಕಮ್ಮಿಯಾಗಿ ಬಾವಿ ಮುಚ್ಚಿಹೋಯಿತು ಅನ್ನುವುದಿಲ್ಲ. ಮುಂದೆ ಗೆರಾರಿನ ಕುರುಬರು ನೀರು ನಮ್ಮದು ಅಂತ ಜಗಳಕ್ಕೆ ಬರುತ್ತಾರೆ, ಅದನ್ನೂ ಬರೆದಿಟ್ಟಿದೆ. ನೀರಿನ ಜಗಳ ಸತ್ಯವೇದದಲ್ಲೇ ಇರುವಾಗ ನಾನು ಹೊರಗಿನಿಂದ ಏನನ್ನು ಎಳೆದು ತಂದೆ?

ಎಲ್ಲಕ್ಕಿಂತ ಮುಖ್ಯವಾದದ್ದು ಯೆಹೆಜ್ಕೇಲನ 34ನೇ ಅಧ್ಯಾಯ. ಕುರುಬರನ್ನು, ಅಂದರೆ ಜನರನ್ನು ಕಾಯಬೇಕಾದ ನಾಯಕರನ್ನು, ಬೈಯುವ ಮೊದಲ ಅರ್ಧ ಎಲ್ಲರಿಗೂ ಗೊತ್ತು. 17ನೇ ವಚನದಿಂದ ದೇವರು ಕುರಿಗಳ ಕಡೆಗೇ ತಿರುಗುತ್ತಾನೆ. ಬಲಿತ ಕುರಿಗಳನ್ನು ಕೇಳುತ್ತಾನೆ. ಒಳ್ಳೆಯ ಹುಲ್ಲು ಮೇಯ್ದದ್ದು ಸಾಲದೆ ಉಳಿದದ್ದನ್ನು ಯಾಕೆ ತುಳಿಯುತ್ತೀರಿ, ತಿಳಿನೀರು ಕುಡಿದದ್ದು ಸಾಲದೆ ಉಳಿದದ್ದನ್ನು ಕಾಲಿಂದ ಯಾಕೆ ಕದಡುತ್ತೀರಿ, ನೀವು ಕದಡಿದ್ದನ್ನು ನನ್ನ ಕುರಿಗಳು ಕುಡಿಯಬೇಕಾ ಅಂತ. ಓದಿದಾಗಲೆಲ್ಲ ನನ್ನ ಮೈ ಜುಂ ಅನ್ನುತ್ತದೆ. ಕೆಸರು ಯಾರ ಕಾಲಿನಿಂದ ಎದ್ದಿತು ಅಂತ ದೇವರೇ ತೋರಿಸುತ್ತಿದ್ದಾನೆ. ಮೇಲೆ ಕುಡಿದವರನ್ನು ನಿಲ್ಲಿಸಿ ಕೇಳುತ್ತಿದ್ದಾನೆ. ಕೆಳಗೆ ಬಾಯಾರಿ ನಿಂತವರಿಗೆ ನಿಮ್ಮ ಬಾಯಿಯಲ್ಲೇ ಏನೋ ದೋಷ ಇದೆ ಅನ್ನುತ್ತಿಲ್ಲ.

ಈ ಮಾತು ನಮಗೆ ಹೊಸದೂ ಅಲ್ಲ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಪೂರ್ತಿ ಸತ್ಯವೇದ ಕನ್ನಡದಲ್ಲಿತ್ತು. ಹೊಳೆಯ ಆಚೆ ದಡದ ನಮ್ಮ ಬಳ್ಳಾರಿಯ ಕೆಲಸ ಅದು. ಅಂದಿನಿಂದ ಈ ವಚನಗಳು ನಮ್ಮ ಮನೆಯಲ್ಲೇ ಇವೆ. ಆದರೆ ನಾನು ಹುಟ್ಟಿದಾಗಿನಿಂದ ಇವುಗಳ ಮೇಲೆ ಒಂದು ಪ್ರಸಂಗವನ್ನೂ ಕೇಳಿಲ್ಲ. ಮಲಾಕಿಯ ಮಾತ್ರ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ.

ಜನ ನೊಂದು ಬಂದಿರುತ್ತಾರೆ, ಅವರಿಗೆ ಸಮಾಧಾನ ಬೇಕು, ವಾದ ಬೇಡ ಅಂತ ಒಬ್ಬ ಗೆಳೆಯ ನಿನ್ನೆ ಫೋನಿನಲ್ಲಿ ಹೇಳಿದ. ಸಮಾಧಾನ ಬೇಕು, ನಿಜ. ಆದರೆ ನಿನ್ನ ಕಷ್ಟಕ್ಕೆ ನೀನೇ ಕಾರಣ ಅನ್ನುವುದು ಯಾವ ಸಮಾಧಾನ? ನಿನ್ನ ಪಾಲಿನ ನೀರನ್ನು ಬೇರೆಯವರು ತೆಗೆದರು, ದೇವರು ಅದನ್ನು ನೋಡಿದ್ದಾನೆ, ಅವರನ್ನು ಕೇಳುತ್ತಾನೆ ಅಂತ ಯಾರಾದರೂ ಅವತ್ತು ಹೇಳಿದ್ದರೆ ನನ್ನ ಅವ್ವ ಆಡು ಮಾರುತ್ತಿರಲಿಲ್ಲ. ಅಷ್ಟು ವರ್ಷ ತಲೆ ತಗ್ಗಿಸಿ ಬದುಕುತ್ತಿರಲಿಲ್ಲ.

ಆ ಪ್ರಸಂಗಿಯವರ ಮುಂದಿನ ಕೂಟ ಕಾರಟಗಿ ಕಡೆ ಇದೆಯಂತೆ. ಕಾಲುವೆಯ ಮೇಲಿನ ಭಾಗ. ನೀರಿರುವ ಜಾಗ, ಹೊಲ ಇರುವ ವಿಶ್ವಾಸಿಗಳೂ ಬರುತ್ತಾರೆ. ಕಾಲುವೆಯ ಪಾಠವನ್ನೇ ಅಲ್ಲಿಯೂ ಹೇಳಿ, ಆದರೆ ಈ ಸಲ ಯೆಹೆಜ್ಕೇಲ 34, 17ರಿಂದ 19 ಓದಿ ಹೇಳಿ ಅಂತ ಕೇಳಿಕೊಂಡಿದ್ದೇನೆ. ಅವರು ತಮ್ಮ ಪುಸ್ತಕ ತೆಗೆದು ಆ ಜಾಗಕ್ಕೆ ಗುರುತು ಹಾಕಿಕೊಂಡರು. ಓದುತ್ತೇನೆ ಅಂತ ಮಾತು ಕೊಟ್ಟಿಲ್ಲ. ನಾನಂತೂ ಆ ಕೂಟಕ್ಕೆ ಹೋಗುತ್ತೇನೆ. ಗಂಗಾವತಿ, ಕಾರಟಗಿ ಕಡೆಯ ಗೆಳೆಯರು ನೀವೂ ಬನ್ನಿ. ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ.