ಠಂಯ್ ಅಂದರೆ ಶಾಂತಿ

ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ ಎಂಬ ಸುದ್ದಿ ಹೇಗೋ ಅಳಿಯನ ಕಿವಿಗೆ ಬಿತ್ತು. "ಮಾಮಾ, ಸೌಂಡ್ ಥೆರಪಿ ಮಾಡಿಸ್ಕೋರಿ, ಟೆನ್ಷನ್ ಎಲ್ಲಾ ಇಳೀತೈತಿ" ಎಂದ. ನಿದ್ದೆ ಕೆಟ್ಟಿದ್ದೇ ಸೌಂಡಿನಿಂದಪ್ಪಾ ಎಂದೆ. ಅವನಿಗೆ ಕೇಳಿಸಲಿಲ್ಲ, ಕಿವಿಯಲ್ಲಿ ಇಯರ್‌ಫೋನ್ ಇತ್ತು.

ಹೀಗಾಗಿ ಹೋದ ರವಿವಾರ ಸಂಜೆ ವಿಜಯಪುರದ ಒಂದು ಮಹಡಿ ಕೋಣೆಯಲ್ಲಿ ಐದು ನೂರು ರೂಪಾಯಿ ಕೊಟ್ಟು ಅಂಗಾತ ಮಲಗಿದ್ದೆ. ತಲೆಯ ಸುತ್ತ ಏಳು ಕಂಚಿನ ಬಟ್ಟಲು. ನಮ್ಮವ್ವ ಇದ್ದಿದ್ದರೆ ಏಳಕ್ಕೂ ಅಂಬಲಿ ಸುರಿಯುತ್ತಿದ್ದಳು. ಗುರುಗಳು ಚರ್ಮ ಸುತ್ತಿದ ಕೋಲಿನಿಂದ ಒಂದಕ್ಕೆ ಬಡಿದರು: ಠಂಯ್... "ಇದು 432 ಹರ್ಟ್ಸ್ ರೀ, ವಿಶ್ವದ ಕಂಪನ." ವಾದ್ಯಗಳನ್ನು ಶ್ರುತಿ ಮಾಡುವ ಅಂತರರಾಷ್ಟ್ರೀಯ ಮಟ್ಟ 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ, ಇರುವಾಗ ವಿಶ್ವಕ್ಕೆ ಮಾತ್ರ ಎಂಟು ಯಾಕೆ ಮುರಿದುಕೊಂಡರು ಎಂದು ಕೇಳಬೇಕೆನಿಸಿತು. ಮಲಗಿದವರು ಮಾತಾಡಬಾರದಂತೆ.

ಅಷ್ಟರಲ್ಲಿ ಕೆಳಗೆ ಮೆರವಣಿಗೆ, ಡಿಜೆ. ಮೊದಲು ಕಿಟಕಿಯ ಗಾಜು ಗಿರ್ ಎಂದಿತು, ಆಮೇಲೆ ಮೂಲೆಯ ಸ್ಟೀಲ್ ತಂಬಿಗೆ. ಕೊನೆಗೆ ನನ್ನ ಎಡಗಿವಿಯ ಬಳಿಯ ದೊಡ್ಡ ಬಟ್ಟಲು ಯಾರೂ ಮುಟ್ಟದೆ ತಾನೇ ಗುಂಯ್‌ಗುಡತೊಡಗಿತು. ಕಣ್ಣು ತೆರೆದೆ. ಗುರುಗಳ ಕೋಲು ಗಾಳಿಯಲ್ಲೇ ನಿಂತಿತ್ತು. "ಎನರ್ಜಿ ಬಂತ್ ನೋಡ್ರಿ!" ಪಿಸುದನಿಯಲ್ಲಿ ಹೇಳುವ ಮಾತನ್ನು ಚೀರಿ ಹೇಳಬೇಕಾಯಿತು, ಪಾಪ.

ಸುಳ್ಳು ಯಾಕೆ, ಬಟ್ಟಲಿನ ದನಿ ಹಿತವಾಗಿಯೇ ಇತ್ತು. 2016ರಲ್ಲಿ ಹೊರಬಂದ ಅಮೆರಿಕದ ಒಂದು ಅಧ್ಯಯನದಲ್ಲಿ 62 ಜನರಿಗೆ ಹೀಗೇ ಬಟ್ಟಲು ಬಾರಿಸಿ ಕೇಳಿದಾಗ, ಟೆನ್ಷನ್ ಇಳಿಯಿತು ಎಂದರಂತೆ. ಬಟ್ಟಲಿಲ್ಲದೆ ಸುಮ್ಮನೆ ಮಲಗಿಸಿದ ಇನ್ನೊಂದು ಗುಂಪು ಮಾತ್ರ ಅಲ್ಲಿರಲಿಲ್ಲ. ಮೊಬೈಲ್ ಕಸಿದುಕೊಂಡು ಒಂದು ತಾಸು ಮಲಗಿಸಿದರೆ ಎಂಥ ಪುಢಾರಿಗೂ ಹಗುರವಾದೀತು.

ಇಷ್ಟಕ್ಕೂ ಸೌಂಡಿನ ಪಾಠ ನಮ್ಮೂರಿಗೆ ಹೊರಗಿನಿಂದ ಬರಬೇಕೆ? 1656ರ ಹೊತ್ತಿಗೆ ಎದ್ದು ನಿಂತ ಗೋಳಗುಮ್ಮಟದಲ್ಲಿ ಈ ಬದಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚೆ ಕೇಳುತ್ತದೆ. ಪಿಸುಗುಟ್ಟುವವರನ್ನು ಮಾತ್ರ ನಾನು ಈತನಕ ಕಂಡಿಲ್ಲ. ಹತ್ತಿದವರೆಲ್ಲ "ಲೇ ಪರಶ್ಯಾ" ಎಂದು ಒದರುತ್ತಾರೆ; ಗುಮ್ಮಟ ಪರಶ್ಯಾನನ್ನು ಏಳೇಳು ಸಲ ಕರೆಯುತ್ತದೆ. ಕೆಳಗೆ ಮಲಗಿದ ಮಹಮ್ಮದ್ ಆದಿಲ್ ಶಾಹನಿಗೆ ಯಾವ ಥೆರಪಿ ಕೊಡಿಸೋಣ?

ಕಾನೂನೂ ಉಂಟು. 2000ರ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ನಾನು ದಿನಾ ಹಾಯುವ ಆಸ್ಪತ್ರೆಯ ಮುಂದೆ 'ಹಾರ್ನ್ ಮಾಡಬೇಡಿ' ಎಂಬ ಫಲಕವಿದೆ. ಅದರ ನೆರಳಿಗೆ ಬಾಳೆಹಣ್ಣಿನ ಗಾಡಿ ನಿಂತಿರುತ್ತದೆ. ಗಾಡಿ ಸರಿಯಲಿ ಎಂದು ಎಲ್ಲರೂ ಹಾರ್ನ್ ಮಾಡುತ್ತಾರೆ.

ಕ್ಲಾಸ್ ಮುಗಿಸಿ ಚಪ್ಪಲಿ ಹುಡುಕುತ್ತಿದ್ದಾಗ ಗುರುಗಳು ಹತ್ತಿರ ಬಂದರು. "ಮುಂದಿನ ರವಿವಾರ ಕ್ಲಾಸ್ ಇಲ್ರಿ ಸರ. ತಮ್ಮನ ಮದಿವಿ ಐತಿ, ನೀವು ಬರಾಕಬೇಕು. ಸೊಲ್ಲಾಪುರದ ಡಿಜೆ ಹೇಳೇವಿ. ಎದಿ ನಡಗತೈತ್ರಿ!"