ಬಡಾವಣೆ ಲೆಕ್ಕದ ಮಳೆ
ಬೆಂಗಳೂರಿನ ಮಳೆ ಮುನ್ಸೂಚನೆ ಬಗ್ಗೆ ಬಂದ ಲೇಖನವೊಂದರಲ್ಲಿ, ಯಲಹಂಕದಲ್ಲಿ ಜೋರು ಮಳೆ, ಜಯನಗರದಲ್ಲಿ ಒಂದು ಹನಿಯೂ ಇಲ್ಲ, ಹಾಗಾದರೆ ಮುನ್ಸೂಚನೆ ಯಾಕೆ ಎಂದು ಲೇಖಕರು ಬೈದಿದ್ದಾರೆ. ಅಷ್ಟು ಬೈಯಬೇಕಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮೋಡ ಕೆಲವೇ ಕಿಲೋಮೀಟರ್ ಅಗಲ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಅದರ ಕಥೆ ಮುಗಿಯುತ್ತದೆ. ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ ನೆಲವನ್ನು ಚೌಕಗಳಾಗಿ ಹಂಚಿಕೊಂಡು ನೋಡುತ್ತದೆ. 2025ರ ಮೇನಲ್ಲಿ ಬಂದ ಅಂಥ ವ್ಯವಸ್ಥೆ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಒಂದು ಚೌಕವೇ 6 ಕಿಲೋಮೀಟರ್ ಅಗಲ. ಅದಕ್ಕೆ ಮೊದಲು 12 ಇತ್ತು. ಇಡೀ ಮೋಡ ಅದರೊಳಗೆ ಅಡಗಿಬಿಡುತ್ತದೆ! ಜತೆಗೆ, ಒಂದು ಮೋಡ ಸುರಿದಾಗ ಕೆಳಗೆ ನುಗ್ಗುವ ತಣ್ಣನೆ ಗಾಳಿ ಪಕ್ಕದ ಬಿಸಿಗಾಳಿಯನ್ನು ಮೇಲಕ್ಕೆ ತಳ್ಳಿ ಇನ್ನೊಂದು ಮೋಡ ಹುಟ್ಟಿಸುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸಿ ಬಾಗಿಲು ಬಡಿಯುತ್ತದಲ್ಲ, ಅದೇ ಗಾಳಿ. ಅದು ಯಾವ ಬಡಾವಣೆ ಕಡೆ ಹೋಗುತ್ತದೆ ಎಂದು ಬೆಳಿಗ್ಗೆಯೇ ಹೇಳೋದು ಹೇಗೆ? ರೇಡಾರ್ ನೋಡಿ ಕೊಡುವ ಮೂರು ಗಂಟೆಯ ಸೂಚನೆಯನ್ನು ಜಾಸ್ತಿ ನಂಬಬಹುದು. ನನ್ನ ತಕರಾರು ಬೇರೆ: ಅದು ಮೊಬೈಲ್‌ಗೆ ಬರುವಷ್ಟರಲ್ಲಿ ಅಂಡರ್‌ಪಾಸ್ ತುಂಬಿರುತ್ತದೆ, ಅಲ್ವಾ?